ಹಳೇ ಅಂಬಾಸಿಡರ್, ಪದ್ಮಿನಿಗೆ ಯಾವ ಅಲಂಕಾರ? ಬಳ್ಳಾರಿ ಬಿಸಿಲಿಗೂ ಕೆಂಧೂಳಿಗೂ ನಿಲ್ಲುವುದನ್ನು ಆರಿಸುವ ಬಗೆ

ನಮ್ಮ ತಂದೆಯವರ ಅಂಬಾಸಿಡರ್‌ಗೆ ಮುಂದಿನ ಗಾಜಿನ ಮೇಲೆ ತಗಡಿನ ವೈಸರ್ ಒಂದಿತ್ತು. ಟೋಪಿಯ ಅಂಚಿನಂತೆ ಮುಂದಕ್ಕೆ ಚಾಚಿಕೊಂಡು ಗಾಡಿಗೆ ಒಂದು ಗತ್ತು ಕೊಡುತ್ತಿತ್ತು. ಪೇಂಟ್ ಮಾಡಿಸಲೆಂದು ಅದನ್ನು ಬಿಚ್ಚಿಸಿದಾಗ ಕೆಳಗೆ ಆರು ಸ್ಕ್ರೂ ತೂತು ಕಂಡವು. ಒಂದೊಂದರ ಸುತ್ತಲೂ ರೂಪಾಯಿ ನಾಣ್ಯದಷ್ಟು ತುಕ್ಕು. ಎರಡು ಕಡೆಯಂತೂ ಬೆರಳಿಂದ ಒತ್ತಿದರೆ ತಗಡು ಪುಡಿಪುಡಿ. "ಈಟು ತಗಡು ಕತ್ತರಿಸಿ ಹೊಸದು ಕೂಡಿಸ್ಬೇಕು ಸಾರ್, ಬರೀ ಪುಟ್ಟಿ ಲೇಪ ತುಂಬಿದ್ರೆ ಆಗಲ್ಲ" ಅಂದರು ಟಿಂಕರ್ ಕೆಲಸದ ಭಾಯ್.

ಅವತ್ತಿನಿಂದ ಹಳೇ ಗಾಡಿಗೆ ಏನು ಹಾಕಿಸುವುದಿದ್ದರೂ ನಾನು ಅಂಗಡಿಯಲ್ಲಿ ಕೇಳುವ ಮೊದಲ ಮಾತು ಒಂದೇ: ಇದಕ್ಕೆ ತೂತು ಕೊರೀಬೇಕಾ? ಬೆಲೆ, ಬಣ್ಣ, ಹೊಳಪು ಎಲ್ಲ ಆಮೇಲೆ. ಅಂಬಾಸಿಡರ್ ಆಗಲಿ ಪದ್ಮಿನಿ ಆಗಲಿ, ಲಾರಿ-ಜೀಪಿನ ಹಾಗೆ ಬೇರೆ ಚಾಸಿಯ, ಅಂದರೆ ಕೆಳಗಿನ ಉಕ್ಕಿನ ಚೌಕಟ್ಟಿನ ಮೇಲೆ ಬಾಡಿ ಕೂರಿಸಿದ ಗಾಡಿಗಳಲ್ಲ. ಅವುಗಳ ಬಾಡಿಯ ತಗಡೇ ಭಾರ ಹೊರುವ ಎಲುಬು. ಜೀಪಿನ ಬಾಡಿ ಹಾಳಾದರೆ ಬಿಚ್ಚಿ ಬೇರೆ ಕೂರಿಸಬಹುದು. ಇವುಗಳಲ್ಲಿ ತುಕ್ಕು ಒಳಗೊಳಗೇ ಹರಿದರೆ ಗಾಡಿಯ ಬಲವೇ ಹೋಗುತ್ತದೆ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು, ಪದ್ಮಿನಿ ಅದಕ್ಕೂ ಮುಂಚೆಯೇ ನಿಂತಿತ್ತು. ಇರುವ ಬಾಡಿಗಳು ಇಷ್ಟೇ.

ಇನ್ನೊಂದು ವಿಚಾರ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಗಾಡಿಯನ್ನು ದಿನಾ ಓಡಿಸುತ್ತೀರಾ, ಇಲ್ಲ ವಿಂಟೇಜ್ ಎಂದು ನೋಂದಣಿ ಮಾಡಿಸಿ ಜೋಪಾನ ಮಾಡುತ್ತೀರಾ? 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ 'ವಿಎ' ಅಕ್ಷರಗಳಿರುವ ಬೇರೆ ನಂಬರ್ ಸಿಗುತ್ತದೆ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಆ ನಂಬರ್ ಪಡೆದ ಗಾಡಿಯನ್ನು ದಿನನಿತ್ಯ ರಸ್ತೆಗೆ ಇಳಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಇಂಥದ್ದಕ್ಕೆ ಮಾತ್ರ. ಪದ್ಮಿನಿ ಎಂಬ ಹೆಸರು ಬಂದದ್ದು 1974ರ ಸುಮಾರಿಗೆ. ಅಂದರೆ ಮೊದಮೊದಲ ಪದ್ಮಿನಿಗಳು ಈಗಷ್ಟೇ ಈ ಸಾಲಿಗೆ ಬರುತ್ತಿವೆ. ನಿಮ್ಮ ಗಾಡಿ ಇನ್ನು ಐದಾರು ವರ್ಷದಲ್ಲಿ 50 ತುಂಬುವಂಥದ್ದಾದರೆ, ಈಗ ಕೊರೆಸುವ ಒಂದೊಂದು ತೂತೂ ಆಗ ನಿಮ್ಮನ್ನು ಕಾಡುತ್ತದೆ.

ಹೊಳಪು: ಕ್ರೋಮ್, ಸ್ಟೀಲ್, ಪ್ಲಾಸ್ಟಿಕ್

ಬಂಪರ್, ಗ್ರಿಲ್, ಬಾನೆಟ್ಟಿನ ಬೊಂಬೆ, ಕಿಟಕಿಯ ಬೀಡಿಂಗ್, ಬಾಗಿಲ ಹಿಡಿ. ಹಳೇ ಗಾಡಿಯ ಅರ್ಧ ಚೆಂದ ಇವುಗಳಲ್ಲೇ ಇದೆ. ಅಂಗಡಿಗೆ ಹೋದರೆ ನಿಜವಾದ ಕ್ರೋಮ್, ಸ್ಟೀಲ್, ಪ್ಲಾಸ್ಟಿಕ್ ಮೂರನ್ನೂ 'ಕ್ರೋಮ್' ಎಂದೇ ತೋರಿಸುತ್ತಾರೆ. ಮೂರೂ ಬೇರೆ ಬೇರೆ.

ನಿಜವಾದ ಕ್ರೋಮ್ ಅಂದರೆ ಉಕ್ಕಿನ ಮೇಲೆ ತಾಮ್ರ, ಅದರ ಮೇಲೆ ನಿಕಲ್, ಎಲ್ಲಕ್ಕಿಂತ ಮೇಲೆ ತೀರಾ ತೆಳುವಾದ ಕ್ರೋಮಿಯಂ ಪದರ. ಆಳದ ಹೊಳಪು ಹೆಚ್ಚಾಗಿ ಬರುವುದು ಕೆಳಗಿನ ನಿಕಲ್‌ನಿಂದ, ಬೆಳ್ಳಿಯಲ್ಲಿ ತುಸು ನೀಲಿ ಬೆರೆತಂಥ ಛಾಯೆ ಮೇಲಿನ ಕ್ರೋಮಿಯಂನಿಂದ. ಸ್ಟೇನ್‌ಲೆಸ್ ಸ್ಟೀಲಿನ ಹೊಳಪು ಸ್ವಲ್ಪ ಹಳದಿ ಕಡೆಗೆ ವಾಲುತ್ತದೆ, ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಮೇಲಿನ ಹೊಳಪು ಮೊದಲ ದಿನ ಎಲ್ಲಕ್ಕಿಂತ ಜಾಸ್ತಿ ಮಿಂಚುತ್ತದೆ.

ಮಂಗಳೂರು, ಕಾರವಾರದವರು ಸ್ಟೀಲ್ ಆರಿಸಿಕೊಂಡರೆ ಅದಕ್ಕೆ ಕಾರಣವಿದೆ. ಸಮುದ್ರದ ಉಪ್ಪುಗಾಳಿ ಕ್ರೋಮ್‌ನ ಸೂಜಿಮೊನೆಯಷ್ಟು ಬಿರುಕಿನಲ್ಲೂ ಇಳಿದು ಕೆಳಗಿನ ಉಕ್ಕನ್ನು ತಿನ್ನುತ್ತದೆ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಗಾಳಿಯಲ್ಲಿ ಉಪ್ಪೂ ಇಲ್ಲ, ತೇವವೂ ಕಡಿಮೆ. ಇಲ್ಲಿ ಒಳ್ಳೆಯ ಕ್ರೋಮ್ ಬಹಳ ವರ್ಷ ಬಾಳುತ್ತದೆ. ಹಾಗಾಗಿ ನಮ್ಮ ಭಾಗದವರಿಗೆ ನನ್ನ ಸಲಹೆ ಸ್ಪಷ್ಟ: ಹಳೇ ಬಂಪರ್ ಗಟ್ಟಿ ಇದ್ದರೆ ಅದಕ್ಕೇ ಮತ್ತೆ ಕ್ರೋಮ್ ಹಾಕಿಸಿ. ತುಟ್ಟಿಯಾಗುತ್ತದೆ, ನಿಜ. ಪಾಲಿಶ್ ಮಾಡುವಾಗ ತಗಡು ತುಸು ಸವೆಯುವುದೂ ನಿಜ. ಆದ್ದರಿಂದ ಒಳಮೈ ಪದರಪದರವಾಗಿ ಏಳುತ್ತಿರುವ ಬಂಪರಿಗೆ ದುಡ್ಡು ಸುರಿಯಬೇಡಿ, ಅದಕ್ಕೆ ಸ್ಟೀಲ್ ಬಂಪರೇ ಸರಿ.

ಸ್ಟೀಲ್ ಕೊಳ್ಳುವಾಗ ಒಂದು ಎಚ್ಚರ. ಮ್ಯಾಗ್ನೆಟ್ ಹಚ್ಚಿ "ನೋಡ್ರಿ, ಹತ್ತಂಗಿಲ್ಲ, ಒರಿಜಿನಲ್ 304" ಎಂದು ತೋರಿಸುವವರಿದ್ದಾರೆ. 304 ಅಂದರೆ ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲಿನ ಒಂದು ದರ್ಜೆ. ಆ ಪರೀಕ್ಷೆ ಸಾಲದು. ನಿಕಲ್ ಕಡಿಮೆ ಇರುವ ಅಗ್ಗದ 202 ದರ್ಜೆಗೂ ಮ್ಯಾಗ್ನೆಟ್ ಹತ್ತುವುದಿಲ್ಲ. ಅದೇ 304 ಆದರೂ ಒತ್ತಿ ಬಗ್ಗಿಸಿದ ಕಡೆ ಸ್ವಲ್ಪ ಹತ್ತಬಹುದು. ಬಿಲ್ಲಿನ ಮೇಲೆ ದರ್ಜೆ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಆ ಅಂಗಡಿ ಬಿಡಿ.

ಪ್ಲಾಸ್ಟಿಕ್ ಕ್ರೋಮ್ ನಮ್ಮೂರಿಗೆ ಒಗ್ಗುವುದೇ ಇಲ್ಲ. ಏಪ್ರಿಲ್-ಮೇನಲ್ಲಿ ನೆರಳಲ್ಲೇ 40 ಡಿಗ್ರಿ ದಾಟುವ ಊರು ನಮ್ಮದು, ಬಿಸಿಲಲ್ಲಿ ನಿಂತ ಗಾಡಿಯ ತಗಡನ್ನು ಮುಟ್ಟಲಾಗದು. ಪ್ಲಾಸ್ಟಿಕ್ಕೂ ಅದರ ಮೇಲಿನ ಲೋಹದ ಪೊರೆಯೂ ಬಿಸಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಎರಡು ಬೇಸಿಗೆಯೊಳಗೆ ಹೊಳಪು ಸಿಪ್ಪೆಯಂತೆ ಎದ್ದು ಬರುತ್ತದೆ. ನಾನು ಹಿಡಿಗಳ ಮೇಲೆ ಹಾಕಿಸಿದ್ದ ಪ್ಲಾಸ್ಟಿಕ್ ಕವರಿಗೂ ಇದೇ ಗತಿಯಾಯಿತು. ಅದಕ್ಕಿಂತ ಬೇಸರ ತಂದದ್ದು, ಕವರಿನ ಕೆಳಗೆ ಸೇರಿದ ಧೂಳು ಹಿಡಿಯ ಮೂಲ ಕ್ರೋಮನ್ನು ಉಜ್ಜಿ ಮಂಕು ಮಾಡಿದ್ದು.

ಧೂಳಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ ತಡೆ ಹಾಕುವ ಮುಂಚೆ ಹೊಸಪೇಟೆ ರಸ್ತೆಯಲ್ಲಿ ಹೋದ ಬಿಳಿ ಗಾಡಿ ವಾಪಸು ಬರುವಾಗ ಕೆಂಪಾಗಿರುತ್ತಿತ್ತು. ಈಗ ಅಷ್ಟಿಲ್ಲ, ಆದರೂ ಸಂಡೂರು, ತೋರಣಗಲ್ಲು ಕಡೆ ಅದಿರಿನ ಲಾರಿ ಹಿಂದೆ ಹೋದವರಿಗೆ ಗೊತ್ತು. ಆ ಕೆಂಪು ಹುಡಿ ಕಬ್ಬಿಣದ ಅದಿರೇ. ಅದರ ಗಡಸುತನ ಹೆಚ್ಚುಕಡಿಮೆ ಗಾಜಿಗೆ ಸಮ, ಹಳೇ ಎನಾಮಲ್ ಬಣ್ಣ ಅದಕ್ಕಿಂತ ಎಷ್ಟೋ ಮೆದು. ಬೆಳಿಗ್ಗೆ ಎದ್ದು ಒಣಬಟ್ಟೆಯಲ್ಲಿ ಗಾಡಿ ಒರೆಸುವುದೂ ಮರಳು ಕಾಗದದಲ್ಲಿ ಉಜ್ಜುವುದೂ ಹೆಚ್ಚುಕಡಿಮೆ ಒಂದೇ. ಮೊದಲು ನೀರು ಬಿಟ್ಟು ಧೂಳು ಇಳಿಸಿ, ಆಮೇಲೆ ಬಟ್ಟೆ ಮುಟ್ಟಿಸಿ. ಗಾಡಿಯ ಮೇಲೆ ಹೊದಿಸುವ ಕವರಿನದೂ ಇದೇ ಕತೆ. ಬಯಲಲ್ಲಿ ನಿಲ್ಲುವ ಗಾಡಿಗೆ ಕವರ್ ಹೊದಿಸಿದರೆ ಗಾಳಿಗೆ ಅದು ಬಡಿದು ಬಡಿದು, ಒಳಗೆ ಸೇರಿದ ಹುಡಿಯಿಂದ ಬಣ್ಣ ತರಚುತ್ತದೆ. ಕವರಿಗೆ ಹಾಕುವ ದುಡ್ಡನ್ನು ನಾಲ್ಕು ತಗಡಿನ ನೆರಳಿಗೆ ಹಾಕಿ. ಶೆಡ್ಡಿನ ಒಳಗಾದರೆ ಒಳಮೈ ಹತ್ತಿಬಟ್ಟೆ ಇರುವ ಕವರ್ ಒಳ್ಳೆಯದು, ಪ್ಲಾಸ್ಟಿಕ್ಕಿನದು ಬೇಡ.

ಸೀಟು: ರೆಕ್ಸಿನ್, ಹತ್ತಿ, ಜೀನ್ಸ್, ಕಂಬಳಿ

ಕುಶನ್ ಕೆಲಸದವರ ಹತ್ತಿರ ಹೋದರೆ ಮೊದಲು ಕೈಗೆ ಬರುವುದು ರೆಕ್ಸಿನ್ ಪುಸ್ತಕ. ಹಳೇ ಗಾಡಿಗೆ ರೆಕ್ಸಿನ್ ಹೊಂದುತ್ತದೆ ಕೂಡ, ಕಾರ್ಖಾನೆಯಿಂದ ಬಂದದ್ದೂ ಹೆಚ್ಚಾಗಿ ಅದೇ. ಒರೆಸಿದರೆ ಧೂಳು ಹೋಗುತ್ತದೆ. ಆದರೆ ಅದು ಬಟ್ಟೆಯ ಮೇಲೆ ಬಳಿದ ಪಿವಿಸಿ. ಮೆತ್ತಗಿರಲೆಂದು ಸೇರಿಸಿದ ಎಣ್ಣೆಯಂಥ ಅಂಶ ಬಿಸಿಲಿಗೆ ಮೆಲ್ಲಮೆಲ್ಲನೆ ಆರಿಹೋಗುತ್ತದೆ. ಬೇಸಿಗೆಯಲ್ಲಿ ಮುಂದಿನ ಗಾಜಿನ ಒಳಮೈಗೆ ಹತ್ತುವ ಮಂಜಿನಂಥ ಜಿಡ್ಡಿನಲ್ಲಿ ಅದರ ಪಾಲೂ ಇದೆ. ಎಣ್ಣೆ ಆರಿದ ರೆಕ್ಸಿನ್ ಹೊಲಿಗೆಯ ಸಾಲಿನಲ್ಲೇ ಸೀಳುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಅದರ ಮೇಲೆ ಕೂತವರಿಗೆ ತೊಡೆ ಸುಡುವುದು ಬೇರೆ.

ಹಾಗಾದರೆ ವೆಲ್ವೆಟ್? ಮದುವೆ ಗಾಡಿಗೆ ಒಂದು ದಿನದ ಮಟ್ಟಿಗೆ ಸರಿ. ಕೆಂಧೂಳು ಒಮ್ಮೆ ಅದರ ರೋಮದೊಳಗೆ ಇಳಿದರೆ ಮತ್ತೆ ಹೊರಗೆ ಬರುವುದಿಲ್ಲ.

ಜೀನ್ಸ್ ಬಗ್ಗೆ ತುಸು ವಿವರವಾಗಿ ಹೇಳಬೇಕು. ನಮ್ಮದು ಜೀನ್ಸ್ ಹೊಲಿಯುವ ಊರು, ದಪ್ಪ ಬಟ್ಟೆ ಹೊಲಿಯುವ ಮಿಷಿನ್ನೂ ಕೈಯೂ ಇಲ್ಲಿ ಬೇಕಾದಷ್ಟು. ಅಳತೆ ಕೊಟ್ಟರೆ ಅಂಬಾಸಿಡರ್‌ನ ಉದ್ದ ಬೆಂಚ್ ಸೀಟಿಗೂ ಜೋಡಿ ಹೊಲಿಗೆಯ ಗಟ್ಟಿ ಕವರ್ ಸಿಗುತ್ತದೆ. ಉಸಿರಾಡುವ ಬಟ್ಟೆ, ಒಗೆಯಬಹುದು, ಸೀಟಿನ ಮೂಲ ರೆಕ್ಸಿನ್ ಅದರ ಕೆಳಗೆ ಬಿಸಿಲಿಂದ ಉಳಿಯುತ್ತದೆ. ಒಂದೇ ತೊಂದರೆ, ಹೊಸ ಜೀನ್ಸ್ ಬಟ್ಟೆಯ ನೀಲಿ ಉಜ್ಜಿದರೆ ಬಿಡುತ್ತದೆ. ಬೆವರಿನಲ್ಲಿ ಇನ್ನೂ ಜಾಸ್ತಿ. ಬಿಳಿ ಪಂಚೆ ಉಟ್ಟ ಹಿರಿಯರನ್ನು ಮದುವೆಗೆ ಕರೆದೊಯ್ದು ಇಳಿಸಿದಾಗ ಪಂಚೆಯ ಹಿಂಭಾಗ ನೀಲಿ ಆಗಿರಬಾರದಲ್ಲ. ಅದಕ್ಕೆ ಕಾರ್ಖಾನೆಯಲ್ಲಿ ವಾಷಿಂಗ್ ಆಗಿ ಬಣ್ಣ ಇಳಿದ ಬಟ್ಟೆಯನ್ನೇ ಕೇಳಿ ತೆಗೆದುಕೊಳ್ಳಿ. ಇಲ್ಲವಾದರೆ ಹೊಲಿಸುವ ಮುಂಚೆ ಬಟ್ಟೆಯನ್ನು ನಾಲ್ಕೈದು ಸಲ ಒಗೆಸಿ. ಹೊಲಿಸಿದ ಮೇಲೆ ಒಗೆದರೆ ಕುಗ್ಗಿ ಸೀಟಿಗೆ ಏರುವುದೇ ಇಲ್ಲ.

ಎಲ್ಲಕ್ಕಿಂತ ಸುಲಭದ್ದು ಬಿಳಿ ಹತ್ತಿ ಕವರ್, ಬೆನ್ನಿಗೆ ಟರ್ಕಿ ಟವೆಲ್. ಡಿಸಿ, ಎಸ್‌ಪಿಗಳು ಅಂಬಾಸಿಡರ್‌ನಲ್ಲಿ ಓಡಾಡುತ್ತಿದ್ದ ಕಾಲದಲ್ಲಿ ನೋಡಿದ್ದೇ ನೋಡಿದ್ದು, ಬಿಸಿಲೂರಿಗೆ ಅದಕ್ಕಿಂತ ತಂಪಾದ ಸೀಟು ನನಗೆ ಕಾಣಲಿಲ್ಲ. ಎರಡು ಜೊತೆ ಇಟ್ಟುಕೊಂಡು ವಾರಕ್ಕೊಮ್ಮೆ ಬದಲಿಸಿದರೆ ಸಾಕು. ಹಿಂದಿನ ಸೀಟಿಗೆ ನಾನು ಕುರುಬರು ನೇಯ್ದ ಕರಿ ಕಂಬಳಿ ಹಾಸಿದ್ದೇನೆ. ಕೂತ ಮೊದಲಿಗೆ ಸ್ವಲ್ಪ ಚುಚ್ಚುತ್ತದೆ ಅನ್ನಿ, ಆದರೆ ಉಣ್ಣೆ ರೆಕ್ಸಿನ್‌ನಂತೆ ಮೈ ಸುಡುವುದಿಲ್ಲ, ಬೆವರಿಗೆ ಅಂಟುವುದಿಲ್ಲ, ಕೊಡವಿದರೆ ಧೂಳು ಬೀಳುತ್ತದೆ. ಮಳೆಗಾಲದಲ್ಲಿ ಮಾತ್ರ ತೆಗೆದು ಬೇವಿನ ಎಲೆ ಹಾಕಿ ಮಡಚಿಡಬೇಕು, ಇಲ್ಲವಾದರೆ ನುಸಿ ಹಿಡಿಯುತ್ತದೆ.

ಕಾಲಡಿಗೆ ರಬ್ಬರ್ ಮ್ಯಾಟ್ ಸಾಕು. ನಾರಿನ ಮ್ಯಾಟ್ ನೋಡಲು ಚೆಂದ, ಆದರೆ ನೀರು ಹಿಡಿದಿಟ್ಟುಕೊಂಡು ತಳದ ತಗಡಿಗೆ ತುಕ್ಕು ಹತ್ತಿಸುತ್ತದೆ. ಯಾವುದೇ ಹಾಕಿದರೂ ತಿಂಗಳಿಗೊಮ್ಮೆ ಎತ್ತಿ ಕೆಳಗೆ ಕೈ ಆಡಿಸಿ ನೋಡಿ.

ದೀಪ, ಹಾರ್ನ್: ಇಲ್ಲಿ ಲೆಕ್ಕ ಹಾಕಿ ಕೊಳ್ಳಬೇಕು

ಹಳೇ ಗಾಡಿಗೆ ಹೆಚ್ಚು ಹಾನಿ ಆಗುವುದು ವೈರಿಂಗ್‌ನಲ್ಲಿ. ಎಂಜಿನ್ ಓಡುವಾಗ ಕರೆಂಟ್ ತಯಾರಿಸಲು, ಆಲ್ಟರ್ನೇಟರ್ ಬರುವ ಮುಂಚಿನ ಗಾಡಿಗಳಲ್ಲಿ ಇರುವುದು ಡೈನಮೋ. ಆ ಕಾಲದ ಲೂಕಾಸ್ ಮಾದರಿಯ ಡೈನಮೋ ಜೋರಾಗಿ ಓಡುವಾಗ ಕೊಡುವುದು ಹೆಚ್ಚೆಂದರೆ 22 ಆಂಪಿಯರ್ ಆಸುಪಾಸು. ಗಾಡಿ ನಿಂತಲ್ಲೇ ಗುರುಗುಡುವಾಗ ಏನೂ ಕೊಡುವುದಿಲ್ಲ ಎಂದರೂ ನಡೆಯುತ್ತದೆ.

ಈಗ ಲೆಕ್ಕ ಹಾಕಿ. 55 ವ್ಯಾಟಿನ ಎರಡು ಹೆಡ್‌ಲೈಟ್‌ಗೆ 9 ಆಂಪಿಯರ್. ಇಗ್ನಿಷನ್ ಕಾಯಿಲ್‌ಗೆ ಮೂರು-ನಾಲ್ಕು. ಹಿಂದಿನ ದೀಪ, ಮೀಟರಿನ ದೀಪ ಸೇರಿ ಎರಡು-ಮೂರು. ಇಲ್ಲಿಗೇ 15 ಆಯಿತು. ಇದರ ಮೇಲೆ 55 ವ್ಯಾಟಿನ ಎರಡು ಹಳದಿ ಫಾಗ್ ಲೈಟ್ ಹಾಕಿದಿರೋ, ಇನ್ನೂ 9. ಡೈನಮೋ ಕೊಡುವುದಕ್ಕಿಂತ ಖರ್ಚೇ ಜಾಸ್ತಿ, ಉಳಿದದ್ದನ್ನು ಬ್ಯಾಟರಿಯಿಂದ ಎಳೆಯುತ್ತದೆ. ಸಂಜೆ ಗಂಗಾವತಿಯಿಂದ ಹೊರಟವರು ಕಂಪ್ಲಿ ದಾಟಿ ನಿಂತರೆ ಮತ್ತೆ ಸ್ಟಾರ್ಟ್ ಆಗದಿರುವುದು ಹೀಗೆ.

ಆದ್ದರಿಂದ ಡೈನಮೋ ಇರುವ ಗಾಡಿಗೆ ಫಾಗ್ ಲೈಟ್ ಬೇಡ; ಅಷ್ಟಕ್ಕೂ ನಮ್ಮಲ್ಲಿ ಮಂಜು ಬೀಳುವುದೇ ಅಪರೂಪ. ಅದರ ಬದಲು ಹೆಡ್‌ಲೈಟನ್ನೇ ಸರಿ ಮಾಡಿಸಿ. ಅಂಬಾಸಿಡರ್, ಪದ್ಮಿನಿ ಎರಡಕ್ಕೂ 7 ಇಂಚಿನ ದುಂಡು ಲೈಟು. ಅದೇ ಅಳತೆಯ ಹೊಸ ರಿಫ್ಲೆಕ್ಟರ್, 60/55 ವ್ಯಾಟಿನ ಎಚ್4 ಬಲ್ಬು, ಜೊತೆಗೆ ಬ್ಯಾಟರಿಯಿಂದ ನೇರ ಬರುವ ದಪ್ಪ ವೈರು ಮತ್ತು ರಿಲೇ (ದೊಡ್ಡ ಕರೆಂಟನ್ನು ಮೂಲ ಸ್ವಿಚ್ಚಿನ ಬದಲು ತಾನು ಹಾಯಿಸುವ ಸ್ವಿಚ್ಚು). ಇಷ್ಟಾದರೆ ಬೆಳಕು ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ, ಮೂಲ ಸ್ವಿಚ್ಚೂ ಸುಡುವುದಿಲ್ಲ. 100/90 ವ್ಯಾಟಿನ ಬಲ್ಬು ಹಳೇ ವೈರನ್ನು ಕರಗಿಸುತ್ತದೆ. ಹಳೇ ರಿಫ್ಲೆಕ್ಟರಿಗೆ ಎಲ್‌ಇಡಿ ಬಲ್ಬು ಸಿಕ್ಕಿಸುವುದನ್ನೂ ನಾನು ಒಪ್ಪುವುದಿಲ್ಲ. ಆ ಬಟ್ಟಲನ್ನು ತಂತಿ ಉರಿಯುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಎಲ್‌ಇಡಿಯ ಬೆಳಕು ಅದರಲ್ಲಿ ಚದುರಿ, ರಸ್ತೆಗೆ ಬೀಳುವ ಬದಲು ಎದುರಿನಿಂದ ಬರುವವರ ಕಣ್ಣಿಗೆ ಹೊಡೆಯುತ್ತದೆ. ಒಳಗಿನ ದೀಪ, ಹಿಂದಿನ ದೀಪಕ್ಕೆ ಎಲ್‌ಇಡಿ ಹಾಕಿ, ಕರೆಂಟ್ ಉಳಿಯುತ್ತದೆ. ಇಂಡಿಕೇಟರಿಗೆ ಹಾಕಿದರೆ ಹಳೇ ಫ್ಲಾಷರ್ ಸರಿಯಾಗಿ ಮಿನುಗದು, ಅದನ್ನೂ ಬದಲಿಸಬೇಕಾಗುತ್ತದೆ.

ತೀರಾ ಹಳೇ ಗಾಡಿಯಾದರೆ ಬ್ಯಾಟರಿಯ ಯಾವ ತುದಿ ಬಾಡಿಗೆ ಕಟ್ಟಿದೆ ನೋಡಿ. ಪ್ಲಸ್ ಬಾಡಿಗೆ ಕಟ್ಟಿದ ಗಾಡಿಗಳೂ ಇವೆ. ಅಂಥದ್ದಕ್ಕೆ ಈಗಿನ ರೇಡಿಯೋ, ಮೊಬೈಲ್ ಚಾರ್ಜರ್ ಜೋಡಿಸಿದರೆ ಅಲ್ಲೇ ಸುಟ್ಟುಹೋಗುತ್ತದೆ.

ಹಾರ್ನ್‌ನಲ್ಲಿ ಆಯ್ಕೆ ಸುಲಭ. ಜೋಡಿ ವಿಂಡ್‌ಟೋನ್ ಹಾರ್ನ್ ರಿಲೇ ಸಮೇತ ಹಾಕಿಸಿ, ಹಳೇ ಗಾಡಿಯ ಮುಖಕ್ಕೆ ಆ ಗಂಭೀರ ದನಿ ಒಪ್ಪುತ್ತದೆ. ಹಲವು ಸ್ವರದಲ್ಲಿ ಕೂಗುವ ಹಾರ್ನಿಗೆ ಮೋಟಾರು ವಾಹನ ನಿಯಮದಲ್ಲೇ ಅವಕಾಶ ಇಲ್ಲ.

ಬಿಸಿಲಿಗೆ ಮರೆ

ಮುಂದಿನ ವೈಸರ್ ಬೇಕೇಬೇಕು ಅನ್ನುವವರಿಗೆ ದಾರಿ ಇದೆ. ಈ ಎರಡೂ ಗಾಡಿಗಳ ಛಾವಣಿಯ ಅಂಚಿನಲ್ಲಿ ಮಳೆನೀರು ಹರಿಯುವ ಗಟರ್ ಇರುತ್ತದಲ್ಲ, ಅದಕ್ಕೆ ಕ್ಲ್ಯಾಂಪ್ ಬಿಗಿಯುವ ವೈಸರ್ ಮಾಡಿಸಬಹುದು. ಮೇಲಿನ ಕ್ಯಾರಿಯರ್ರೂ ಅದೇ ಗಟರಿಗೆ ಕೂರುತ್ತದೆ. ಕ್ಲ್ಯಾಂಪ್ ಕಚ್ಚುವ ಕಡೆ ರಬ್ಬರ್ ತುಂಡು ಇಡಲು ಮರೆಯಬೇಡಿ. ಈಗ ನನ್ನ ಗಾಡಿಯಲ್ಲಿ ಇರುವುದು ಹಾಗೆ ಮಾಡಿಸಿದ್ದೇ.

ಕಪ್ಪು ಫಿಲ್ಮ್ ಅಂಟಿಸುವುದನ್ನು 2012ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಗಾಜಿನಲ್ಲಿ ಬೆಳಕು ಮುಂದೆ-ಹಿಂದೆ ಶೇ. 70, ಪಕ್ಕದಲ್ಲಿ ಶೇ. 50 ಹಾಯಬೇಕು ಎಂಬುದು ನಿಯಮ. ಕರ್ಟನ್ ಹಾಕುವುದಾದರೆ ಗಾಡಿ ನಿಲ್ಲಿಸಿದಾಗ ಮಾತ್ರ ಎಳೆಯಿರಿ, ಓಡಿಸುವಾಗ ಪೂರ್ತಿ ಸರಿಸಿ. ಅದರ ತಂತಿಗೂ ಬಾಗಿಲಿಗೆ ಸ್ಕ್ರೂ ಹೊಡೆಸದೆ ಬೀಡಿಂಗ್‌ನ ಈಗಿರುವ ಸ್ಕ್ರೂಗೇ ಕೊಂಡಿ ಸಿಕ್ಕಿಸಬಹುದು. ಮುಂಬಾಗಿಲ ತುದಿಯಲ್ಲಿರುವ ತ್ರಿಕೋನದ ಪುಟ್ಟ ಗಾಜನ್ನು ತೆಗೆದು ಒಂದೇ ದೊಡ್ಡ ಗಾಜು ಹಾಕಿಕೊಡುತ್ತೇವೆ ಎನ್ನುವವರು ಸಿಕ್ಕರೆ ದಯವಿಟ್ಟು ಒಪ್ಪಬೇಡಿ. ಅದನ್ನು ತಿರುಗಿಸಿ ಇಟ್ಟರೆ ಗಾಳಿ ನೇರ ಎದೆಗೆ ಬರುತ್ತದೆ, ಎಸಿ ಇಲ್ಲದ ಗಾಡಿಯಲ್ಲಿ ಅದಕ್ಕೆ ಸಮನಾದ ಇನ್ನೊಂದಿಲ್ಲ.

ಚಕ್ರ, ಬಂಪರ್, ನಂಬರ್ ಪ್ಲೇಟ್

ಟೈರಿಗೆ ಬಿಳಿ ಅಂಚು ಇಷ್ಟವಾದರೆ ರಿಮ್ಮಿಗೂ ಟೈರಿಗೂ ನಡುವೆ ಸಿಕ್ಕಿಸುವ ರಬ್ಬರ್ ಬಳೆ ಸಿಗುತ್ತದೆ. ರೇಡಿಯಲ್ ಟೈರಿನ ಪಕ್ಕೆ ಓಡುವಾಗ ಬಹಳ ಬಾಗುತ್ತದೆ, ಬಳೆ ಅದನ್ನು ಉಜ್ಜಿ ತೆಳ್ಳಗೆ ಮಾಡುತ್ತದೆ. ಮೆರವಣಿಗೆಗೆ ಹಾಕಿ ತೆಗೆದಿಡಿ. ಹೊಸಪೇಟೆ ಹೆದ್ದಾರಿಯಲ್ಲಿ ಹಾಕಿಕೊಂಡು ಓಡಿಸಬೇಡಿ. ಮೂಲ ಹಬ್ ಕ್ಯಾಪ್ ಸಿಕ್ಕರೆ ಅದೇ ಸಾಕು, ಅಲಾಯ್ ವೀಲ್ ಬೇಡ.

ಮುಂದೆ ದೊಡ್ಡ ಕ್ರ್ಯಾಶ್ ಗಾರ್ಡ್ ಹಾಕಿಸುವುದು ಕಾನೂನಿಗೆ ವಿರುದ್ಧ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇದರ ಮೇಲೆ ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಬರೆಯಿತು. ಬಂಪರಿನ ಮೇಲೆ ಕಾರ್ಖಾನೆಯಿಂದಲೇ ಬಂದ ಕೊಂಬುಗಳು ಬೇರೆ, ಅವು ಇರಲಿ. ಕೈಬರಹದ ಹಳೇ ನಂಬರ್ ಪ್ಲೇಟ್ ಮೇಲೆ ನನಗೂ ಪ್ರೀತಿ. 2019ರ ಏಪ್ರಿಲ್ 1ಕ್ಕೆ ಮುಂಚಿನ ಗಾಡಿಗಳೂ ಎಚ್‌ಎಸ್‌ಆರ್‌ಪಿ ಎಂಬ ಹೆಚ್ಚು ಭದ್ರತೆಯ ನಂಬರ್ ಪ್ಲೇಟ್ ಹಾಕಿಸಬೇಕು ಎಂದು ರಾಜ್ಯ ಸರ್ಕಾರ ಆದೇಶ ಮಾಡಿದ ಮೇಲೆ ಅದನ್ನು ಬಿಚ್ಚಿ ಮನೆಯ ಗೋಡೆಗೆ ಹಾಕಿದ್ದೇನೆ.

ಆಯುಧ ಪೂಜೆಯ ದಿನ

ಕನಕ ದುರ್ಗಮ್ಮನ ಗುಡಿ ಮುಂದೆ ಪೂಜೆ ಮಾಡಿಸದೆ ನಮ್ಮೂರಲ್ಲಿ ಗಾಡಿ ಹೊಸದೂ ಅಲ್ಲ, ಹಳೇದೂ ಅಲ್ಲ. ಹೂವು, ಬಾಳೆಕಂದು, ನಿಂಬೆಹಣ್ಣು ಎಲ್ಲ ಇರಲಿ. ಬಾಳೆಕಂದನ್ನು ತಂತಿಯಿಂದ ಕಟ್ಟಬೇಡಿ, ಕ್ರೋಮಿಗೆ ಗೀರು ಬೀಳುತ್ತದೆ. ಹತ್ತಿ ದಾರವೋ ಬಾಳೆ ನಾರೋ ಸಾಕು. ಅರಿಸಿನ-ಸುಣ್ಣದ ನೀರು, ಒದ್ದೆ ಕುಂಕುಮ ಎನಾಮಲ್ ಬಣ್ಣದ ಮೇಲೆ ರಾತ್ರಿಯಿಡೀ ಉಳಿದರೆ ಕಲೆ ಹೋಗುವುದಿಲ್ಲ. ಬೊಟ್ಟನ್ನು ಗಾಜಿನ ಮೇಲೆ ಇಡಿಸಿ, ಇಲ್ಲವೇ ಬಾನೆಟ್ಟಿಗೆ ಮೊದಲೇ ವ್ಯಾಕ್ಸ್ ಹಚ್ಚಿ. ಸಂಜೆ ಹೊತ್ತಿಗೆ ನೀರು ಬಿಟ್ಟು ತೊಳೆಯಿರಿ. ಡ್ಯಾಶ್‌ಬೋರ್ಡಿನ ದೇವರಿಗೆ ಸ್ಕ್ರೂ ಬೇಡ. ಅಗ್ಗದ ಫೋಮ್ ಟೇಪು ಬೇಸಿಗೆಗೆ ಕರಗಿ ಮೂರ್ತಿ ಜಾರುತ್ತದೆ. ತ್ರೀಎಂ ಕಂಪನಿಯ ವಿಎಚ್‌ಬಿ ಟೇಪು ತಡೆಯುತ್ತದೆ, ತೆಗೆಯುವಾಗ ಮೀನು ಹಿಡಿಯುವ ನೈಲಾನ್ ದಾರವನ್ನು ಹಿಂದಿನಿಂದ ಗರಗಸದ ಹಾಗೆ ಎಳೆದರೆ ಬಿಡುತ್ತದೆ.

ಏನೇ ಹೊಸದು ಹಾಕಿಸಿದರೂ ಬಿಚ್ಚಿದ ಹಳೇ ಸಾಮಾನನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಅದು ಸಂಜೆಯೊಳಗೆ ಗುಜರಿ ಸೇರುತ್ತದೆ. ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ ಇದೆ. ಮೂಲ ಹಾರ್ನ್, ಹಳೇ ಲೈಟಿನ ಗಾಜು, ಬಾಗಿಲ ಹಿಡಿಯ ಸ್ಕ್ರೂಗಳು, ಒಂದೊಂದಕ್ಕೂ ಎಲ್ಲಿಂದ ಬಿಚ್ಚಿದ್ದು ಎಂದು ಬರೆದ ಚೀಟಿ. ತಂದೆಯವರ ಕಾಲದ ವೈಸರನ್ನೂ ಅದರ ಪಕ್ಕದಲ್ಲೇ ಗೋಣಿಚೀಲ ಸುತ್ತಿ ಇಟ್ಟಿದ್ದೇನೆ, ಆರು ಸ್ಕ್ರೂ ಸಮೇತ.